ತೋಟಾ ಎಲ್ಲಿ ಮಲಗಿತ್ತು

ಉಸ್ತಾದರ ಬಲಗೈ ಹೆಬ್ಬೆರಳಿನ ಉಗುರು ಮಿಕ್ಕ ಒಂಬತ್ತು ಉಗುರುಗಳಿಗಿಂತ ಉದ್ದವಾಗಿತ್ತು. ಬೆರಳಿನಾಚೆ ಒಂದು ಭತ್ತದ ಕಾಳಿನಷ್ಟು ಚಾಚಿಕೊಂಡು, ಬಂದೂಕಿನ ಎಣ್ಣೆ ಕುಡಿದು ಹಳದಿಗೆ ತಿರುಗಿತ್ತು. ಪ್ರತಿ ಶುಕ್ರವಾರ ನಮಾಜಿಗೆ ಹೋಗುವ ಮೊದಲು ಒಂಬತ್ತು ಉಗುರು ಕತ್ತರಿಸಿ ಇದೊಂದನ್ನು ಬಿಡುತ್ತಿದ್ದರು. ಅದಕ್ಕಾಗಿ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದರಂತೆ. "ಇದು ಉಗುರಲ್ಲ ಟೀಚರಮ್ಮ, ಔಜಾರು. ಸುತ್ತಿಗೇನ ಯಾರಾದ್ರೂ ಕತ್ತರಿಸ್ಕೋತಾರಾ?" ಎಂದು ನನ್ನ ಮುಂದೆ ನಕ್ಕಿದ್ದರು.

ಶಿರಾದ ಹಳೇ ಪೇಟೆಯಲ್ಲಿ ಅವರದು ಬಂದೂಕು ರಿಪೇರಿ ಮಾಡಿ ತೋಟಾ ಮಾರುವ ಲೈಸೆನ್ಸಿನ ಅಂಗಡಿ. ಗುಂಡು, ಮದ್ದು, ಹಿತ್ತಾಳೆ ಕೊಳವೆ ಎಲ್ಲ ಸೇರಿದ ಇಡೀ ತುಂಡಿಗೆ ನಮ್ಮ ಕಡೆ ತೋಟಾ ಎನ್ನುತ್ತಾರೆ. ಯಾರೇ ತೋಟಾ ತಂದು ಮುಂದಿಟ್ಟರೂ ಉಸ್ತಾದರು ಅದನ್ನು ಮೊದಲು ಮುಟ್ಟುತ್ತಿರಲಿಲ್ಲ. ಕನ್ನಡಕ ಹಣೆಗೇರಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇದು ಎಲ್ಲಿ ಮಲಗಿತ್ತು?"

ಎಲ್ಲಿಟ್ಟಿದ್ದೆ ಎಂದು ಕೇಳುತ್ತಿರಲಿಲ್ಲ, ಎಲ್ಲಿ ಮಲಗಿತ್ತು ಎಂದೇ ಕೇಳುತ್ತಿದ್ದರು. ಬಂದವರು ಉತ್ತರ ಹೇಳಿದ ಮೇಲೆಯೇ ತೋಟಾ ಕೈಗೆ ಬರುತ್ತಿತ್ತು. ಅದರ ಹಿಂಬದಿಯ ಅಂಚಿನ ಸುತ್ತ ಉಗುರು ಆಡಿಸಿ ಎಲ್ಲಾದರೂ ನೆಗ್ಗಿದೆಯೇ ನೋಡುತ್ತಿದ್ದರು. ಆಮೇಲೆ ಕಿಟಕಿಯ ಗಾಜಿನ ತುಂಡಿನ ಮೇಲೆ ಉರುಳಿಸಿ ಸೊಟ್ಟಗಿದ್ದರೆ ಪಕ್ಕಕ್ಕಿಡುತ್ತಿದ್ದರು. ಕೊನೆಗೆ ಒಂದು ಉದ್ದ ನೋಟುಬುಕ್ಕಿನಲ್ಲಿ, ಪ್ರಾಥಮಿಕ ಶಾಲೆಯಲ್ಲಿ ಕಲಿತ ದುಂಡನೆಯ ಕನ್ನಡದಲ್ಲಿ ಮೂರು ಮಾತು ಬರೆಯುತ್ತಿದ್ದರು: ಯಾರದ್ದು, ಹೇಗಿದೆ, ಎಲ್ಲಿ ಮಲಗಿತ್ತು.

ಒಮ್ಮೆ ನಾನು ಅಲ್ಲಿದ್ದಾಗಲೇ ನಿಡುಗಲ್ ಕಡೆಯ ರೈತರೊಬ್ಬರು ಬೆಳೆ ಕಾಯುವ ಬಂದೂಕಿನ ತೋಟಾಗಳನ್ನು ತಂದರು. ಅಂಗಡಿಗಳಲ್ಲಿ ಎಲ್ಲೂ ತೋಟಾ ಸಿಗದೆ ಇದ್ದ ಕಾಲ ಅದು. ಎಲ್ಲಿ ಮಲಗಿತ್ತು ಎಂದು ಉಸ್ತಾದರು ಕೇಳಿದರು.

"ರಾಗಿ ಗುಡಾಣ್ದಾಗೆ ಇಕ್ಕಿದ್ದೆ ಸಾಬ್ರೇ. ಅಲ್ಲಾದ್ರೆ ಬೆಚ್ಚಗಿರ್ತದೆ ಅಂತ."

"ಅಂಗಾದ್ರೆ ಮುದ್ದೆ ಮಾಡ್ಕೊಂಡು ಉಣ್ಣಪ್ಪ, ಬಂದೂಕಿಗೆ ಬ್ಯಾಡ," ಎಂದರು ಉಸ್ತಾದರು. ರೈತರು ಗೋಗರೆದರು. ಹಂದಿಗಳು ಹೊಲ ಬಗೀತವೆ, ಬೇರೆ ತೋಟಾ ಸಿಗಾಕಿಲ್ಲ, ಇದರಲ್ಲೇ ನಾಕು ಆರಿಸಿ ಕೊಡಿ ಎಂದರು. ಉಸ್ತಾದರು ಒಂದನ್ನೂ ಕೊಡಲಿಲ್ಲ. "ನಿಜ ಹೇಳಿದೆಯಲ್ಲ, ಅದಕ್ಕೇ ನಿನ್ನ ಕೈ ಉಳೀತು, ಹೋಗು," ಎಂದು ಚಹಾ ತರಿಸಿ ಕುಡಿಸಿ ಕಳಿಸಿದರು. ಆ ಮಾತಿಗೆ ನಾನು ಮುಸಿಮುಸಿ ನಕ್ಕಿದ್ದೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ನಾನು ಕೊರಟಗೆರೆಯ ಒಂದು ಹೈಸ್ಕೂಲಿನಲ್ಲಿ ಆಟದ ಟೀಚರು. ಮನೆ ಕೊಳಾಲದ ಬಳಿಯ ಹಳ್ಳಿಯಲ್ಲಿ, ಅವ್ವನ ಜೊತೆ. ಕುರಿ ಮೇಯಿಸಿದವರ ಮನೆಯ ಹುಡುಗಿ ರೈಫಲ್ ಹಿಡಿದು ಮಲಗಿ ಗುರಿಯಿಡುತ್ತಾಳೆಂದರೆ ಊರಿಗೆಲ್ಲ ತಮಾಷೆ. ಮಧುಗಿರಿಯ ಹೊರಗೆ ಕೈಬಿಟ್ಟ ಕಲ್ಲುಕ್ವಾರಿಯೊಂದರಲ್ಲಿ ನಮ್ಮ ಪುಟ್ಟ ಕ್ಲಬ್ಬಿನ ಗುರಿಮೈದಾನವಿತ್ತು. ರಾಜ್ಯ ತಂಡದ ಆಯ್ಕೆ ಪಂದ್ಯದಲ್ಲಿ ಹಿಂದಿನ ಎರಡು ವರ್ಷವೂ ಒಂದೊಂದೇ ಅಂಕಕ್ಕೆ ತಪ್ಪಿಹೋಗಿತ್ತು. "ಇದೊಂದು ಸಲ ರಜೆ ಕೊಡ್ತೀನಿ, ಮುಂದಿನ ವರ್ಷ ಕೇಳಬೇಡಮ್ಮ," ಎಂದು ನಮ್ಮ ಹೆಡ್‌ಮಾಸ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಅದೇ ವರ್ಷ ಹೊರದೇಶದಿಂದ ಬರುವ ಪಂದ್ಯದ ತೋಟಾ ನಿಂತುಹೋಯಿತು. ಬೆಂಗಳೂರಿನ ಅಂಗಡಿಗೆ ಫೋನು ಮಾಡಿದಾಗಲೆಲ್ಲ ಮುಂದಿನ ತಿಂಗಳು ಎನ್ನುತ್ತಿದ್ದರು. ಕ್ಲಬ್ಬಿನ ಪೆಟ್ಟಿಗೆ ಖಾಲಿಯಾಯಿತು. ಖಾಲಿ ರೈಫಲ್ ಹಿಡಿದು ದಿನಾ ಟ್ರಿಗರ್ ಒತ್ತಿ ಅಭ್ಯಾಸ ಮಾಡುತ್ತಾ ಅಳುವಷ್ಟಾಗಿದ್ದೆ.

ಆಗ ಪಾವಗಡದ ಅಜ್ಜಿಯೊಬ್ಬರ ಸುದ್ದಿ ತಂದವರು ಉಸ್ತಾದರೇ. ಆ ಅಜ್ಜಿಯ ಗಂಡ ಹಳೆಯ ಗುರಿಕಾರ. ಅವರು ತೀರಿಹೋದ ಮೇಲೆ ರೈಫಲ್ ಸರ್ಕಾರಕ್ಕೆ ಒಪ್ಪಿಸಿದ್ದರೂ ತೋಟಾದ ಡಬ್ಬಿಗಳು ಬೀರುವಿನಲ್ಲೇ ಉಳಿದುಬಿಟ್ಟಿದ್ದವು. ಕಾಗದಪತ್ರದ ಓಡಾಟವನ್ನೆಲ್ಲ ಉಸ್ತಾದರೇ ಮಾಡಿದರು. ಎಪ್ಪತ್ತು ದಾಟಿದ ಮನುಷ್ಯ, ಬಿರುಬಿಸಿಲಲ್ಲಿ ನನ್ನ ಜೊತೆ ಬಸ್ಸು ಹತ್ತಿ ಪಾವಗಡಕ್ಕೆ ಬಂದರು. ಗಾಜಿನ ತುಂಡನ್ನು ಪಂಚೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದರು.

"ಅಮ್ಮಾ, ಇವು ಎಲ್ಲಿ ಮಲಗಿದ್ವು?" ಎಂದು ಅಲ್ಲಿಯೂ ಕೇಳಿದರು.

"ಬೀರುವಿನಾಗೇ ಸಾಮಿ. ಮಾ ಆಯನ, ನಮ್ಮ ಯಜಮಾನ್ರು, ಬೀಗ ಹಾಕಿದ್ದು, ನಾನು ತೆಗೆದಿಲ್ಲ," ಎಂದರು ಅಜ್ಜಿ. "ತೀಸ್ಕೋ ತಾಯಿ, ಎಲ್ಲಾ ತೀಸ್ಕೋ. ಮನೇಲಿದ್ರೆ ನಂಗೆ ಭಯ."

ಉಸ್ತಾದರು ಎಲ್ಲಾ ತೆಗೆದುಕೊಳ್ಳಲಿಲ್ಲ. ಜಗುಲಿಯ ಮೇಲೆ ಕುಳಿತು ಮಧ್ಯಾಹ್ನವೆಲ್ಲ ಒಂದೊಂದನ್ನೇ ಉಗುರಿಗೆ ಕೊಟ್ಟು, ಗಾಜಿನ ಮೇಲೆ ಉರುಳಿಸಿ, ಅರ್ಧದಷ್ಟನ್ನು ಬೇಡವೆಂದರು. ಹಿತ್ತಾಳೆಗೆ ಹಸಿರು ಹತ್ತಿದ್ದನ್ನು ನಾನು ಉಜ್ಜಿದರೆ ಹೋಗುತ್ತಲ್ಲ ಎಂದೆ. "ಬಣ್ಣ ಹೋಗ್ತದೆ, ಕಾಯಿಲೆ ಹೋಗಲ್ಲ. ಸಬರ್ ಮಾಡಿ, ಸ್ವಲ್ಪ ತಾಳಿ ಟೀಚರಮ್ಮ. ಬರಗಾಲ ಬಂತು ಅಂತ ಕಲ್ಲು ತಿನ್ನೋಕಾಗಲ್ಲ," ಎಂದರು. ಉಳಿದವುಗಳಲ್ಲಿ ಒಂದು ಡಬ್ಬಿಗೆ ಕಪ್ಪು ದಾರ ಕಟ್ಟಿ, ನನಗೆ ತುರ್ತು ಬಂದರೆ ಎಂದು ತಮ್ಮ ಅಂಗಡಿಯ ಕಪಾಟಿನಲ್ಲಿ ಇಟ್ಟುಕೊಂಡರು. ಮಿಕ್ಕಿದ್ದು ನನ್ನ ಪಾಲಾಯಿತು. ಮನೆಗೆ ತಂದು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ.

ಪಂದ್ಯಕ್ಕೆ ಎರಡು ವಾರವಿರುವಾಗ ತರಬೇತಿಯೆಂದು ನಾಲ್ಕು ದಿನ ತುಮಕೂರಿಗೆ ಹೋಗಬೇಕಾಯಿತು. ಹೋಗುವಾಗ ಟ್ರಂಕಿನ ಕೀಲಿ ಅವ್ವನ ಕೈಗೆ ಕೊಟ್ಟಿದ್ದೆ. ಕೊಡಬಾರದಿತ್ತು, ಕೊಟ್ಟೆ. ನಾನು ಹೋದ ದಿನವೇ ಸಂಜೆ ಜೋರು ಮಳೆ ಸುರಿಯಿತಂತೆ. ವಾಪಸು ಬಂದಾಗ ಅವ್ವ ಹೆಮ್ಮೆಯಿಂದ ಎದುರಿಗೆ ಬಂದಳು.

"ಶೀಟು ಸೋರಿ ಟ್ರಂಕಿನೊಳೀಕೆ ನೀರು ಇಳ್ದಿತ್ತು ಕಣಮ್ಮ. ನಿನ್ ಗುಂಡೆಲ್ಲಾ ನೆಂದೋಗಿದ್ವು. ಬಿತ್ನೆ ಕಡ್ಲೆಕಾಯಿ ಜತೆಗೆ ಬಂಡೆ ಮ್ಯಾಗೆ ಮೂರು ದಿನ ಒಣಗಾಕ್ಬುಟ್ಟೆ. ನೋಡು, ಹೆಂಗೆ ಬೆಚ್ಚಗವೆ!"

ಅವ್ವನನ್ನು ಏನೆನ್ನಲಿ? ಬೀಜವೆಂದರೆ ಬಿಸಿಲಿಗೆ ಹಾಕಿ ಕಾಪಾಡಬೇಕೆಂದು ಅವಳಿಗೆ ಅವಳವ್ವ ಕಲಿಸಿದ್ದಳು. ಮಗಳ ಪಾಲಿಗೆ ಇದೂ ಬಿತ್ತನೆಯೇ ಎಂದುಕೊಂಡು, ಕಾಗೆ ಮುಟ್ಟದಂತೆ ಮೂರು ದಿನವೂ ಬಂಡೆಯ ಪಕ್ಕ ಕುಳಿತು ಕಾದಿದ್ದಳು. ಆದರೆ ತೋಟಾಕ್ಕೆ ನೀರಿಗಿಂತ ಬಿಸಿಲೇ ಕೆಟ್ಟದ್ದೆಂದು ಉಸ್ತಾದರು ನನಗೆ ಎಷ್ಟೋ ಸಲ ಹೇಳಿದ್ದರು. ಗುಂಡಿಗೆ ಸವರಿದ ಮೇಣ ಕರಗಿಹೋಗಿತ್ತು. ಎಲ್ಲ ಕೆಟ್ಟಿವೆಯೆಂದು ನನಗೆ ಅಲ್ಲೇ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಂದೊಂದನ್ನೇ ಬಟ್ಟೆಯಲ್ಲಿ ಒರೆಸಿ, ಅಂಟಿದ್ದ ಕಡ್ಲೆಕಾಯಿಯ ಮಣ್ಣು ಕೊಡವಿ, ಮತ್ತೆ ಡಬ್ಬಿಗೆ ತುಂಬಿದೆ.

ಉಸ್ತಾದರಿಗೆ ಇನ್ನೊಂದು ನೇಮವಿತ್ತು. ಮನೆ ಬದಲಿಸಿದ ತೋಟಾವನ್ನು ಅವರು ಮತ್ತೆ ಹೊಸದಾಗಿಯೇ ನೋಡುತ್ತಿದ್ದರು. ಅದರಲ್ಲಿ ಮೊದಲ ಐದನ್ನು ತಾವೇ ಹಾರಿಸಿ ನೋಡದೆ ಬೇರೆ ಯಾರಿಗೂ ಹಾರಿಸಲು ಬಿಡುತ್ತಿರಲಿಲ್ಲ. ಹಾಗಾಗಿ ಪಂದ್ಯಕ್ಕೆ ಒಂದು ವಾರ ಮೊದಲು, ಒಂದು ಭಾನುವಾರ ಬೆಳಿಗ್ಗೆ ಕ್ವಾರಿಗೆ ಬಂದರು. ಡಬ್ಬಿ ಮುಂದಿಟ್ಟೆ. ಮುಟ್ಟಲಿಲ್ಲ.

"ಎಲ್ಲಿ ಮಲಗಿತ್ತು?"

"ಟ್ರಂಕಿನಲ್ಲಿ, ಉಸ್ತಾದ್."

ಒಂದನ್ನು ಎತ್ತಿಕೊಂಡು ಉಗುರು ಆಡಿಸಿದರು. ಮೂಗಿನ ಹತ್ತಿರ ಹಿಡಿದರು. ಇನ್ನೊಂದು ತೆಗೆದರು. "ಮೇಣ ಯಾಕೋ ಕಮ್ಮಿ ಅದೆ. ಟ್ರಂಕಾ?" ಎಂದು ಮತ್ತೆ ಕೇಳಿದರು. ಆಗ ಹೇಳಿಬಿಡಬಹುದಿತ್ತು. ಅವರು ಬೈದು, ಚಹಾ ತರಿಸಿ, ಕೈ ಉಳೀತು ಹೋಗು ಎನ್ನುತ್ತಿದ್ದರು. ನನ್ನ ಕಣ್ಣ ಮುಂದೆ ಒಂದೇ ಒಂದು ಅಂಕ ಕುಣಿಯುತ್ತಿತ್ತು.

"ಹೌದು, ಟ್ರಂಕೇ. ಹಳೇದಲ್ವಾ, ಅದಕ್ಕಿರಬೇಕು," ಎಂದೆ.

"ಹಂಗಾದ್ರೆ ಸರಿ. ನೀವು ಹೇಳಿದ ಮೇಲೆ ಆಯ್ತು," ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡು, ಟಾರ್ಪಾಲಿನ ಮೇಲೆ ಮೊಣಕೈ ಊರಿ ಮಲಗಿದರು.

ಮೂರು ಗುಂಡು ನೆಟ್ಟಗೆ ಹೋದವು. ನನಗೆ ಹೋದ ಜೀವ ಬಂದಂತಾಯಿತು. ನಾಲ್ಕನೆಯದಕ್ಕೆ ಟಕ್ ಎಂಬ ಬರೀ ಸದ್ದು. ಗುಂಡು ಹಾರದಿದ್ದರೆ ತಕ್ಷಣ ತೆರೆಯಬಾರದು, ನಳಿಕೆಯನ್ನು ಗುರಿಯ ಕಡೆಗೇ ಹಿಡಿದು ಕಾಯಬೇಕು. ಅವರು ಕಾದರು. ತುಟಿ ಅಲುಗಿಸುತ್ತಾ ಎಣಿಸಿದರು. ನನ್ನನ್ನು ನೋಡಿ, "ಬೇಟಿ, ಹಿಂದೆ ಸರಿ," ಎಂದರು. ಮೊದಲ ಸಲ ಟೀಚರಮ್ಮ ಹೋಗಿ ಬೇಟಿ ಬಂದಿತ್ತು. ನಾನು ಸರಿದೆ. ತೋಟಾ ಒಳಗೇ ಕಚ್ಚಿಕೊಂಡಿತ್ತು. ಅದನ್ನು ಈಚೆಗೆ ಎಳೆಯುವಾಗ ಸಿಡಿಯಿತು.

ದೊಡ್ಡ ಸದ್ದೇನೂ ಆಗಲಿಲ್ಲ. ಅವರು ಎದ್ದು ಕುಳಿತು ಬಲಗೈಯನ್ನು ಎಡಗೈಯಲ್ಲಿ ಮುಚ್ಚಿಕೊಂಡರು. ಬೆರಳ ಸಂದಿಯಿಂದ ರಕ್ತ ಟಾರ್ಪಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಮಧುಗಿರಿಯ ಡಾಕ್ಟರ ಹತ್ತಿರ ಹೋದೆ. ಹಿತ್ತಾಳೆಯ ಚೂರು ಹೆಬ್ಬೆರಳಿನ ತುದಿಯನ್ನೇ ಹರಿದಿತ್ತು. ಡಾಕ್ಟರು ಹೊಲಿಗೆ ಹಾಕಿ, ಉಗುರಿನ ಬೇರೇ ಹೋಗಿದೆ, ಇನ್ನು ಬೆಳೆಯಲ್ಲ ಎಂದರು.

ಬ್ಯಾಂಡೇಜು ಕಟ್ಟಿದ ಕೈಯನ್ನೇ ನೋಡುತ್ತಾ ಉಸ್ತಾದರು ಮೆಲ್ಲಗೆ ಹೇಳಿದರು: "ನನ್ನ ಉಗುರು ಸುಳ್ಳು ಹೇಳ್ತು ಟೀಚರಮ್ಮ. ವಯಸ್ಸಾಯ್ತು ಅದಕ್ಕೆ. ನಿಮ್ಮ ಕೈಗೆ ಆಗಿದ್ರೆ ಅಲ್ಲಾಗೆ ನಾನು ಏನು ಜವಾಬು ಕೊಡ್ತಿದ್ದೆ?"

ಇದಕ್ಕಿಂತ ಒಳ್ಳೆಯ ಗಳಿಗೆ ನನಗೆ ಮತ್ತೆ ಸಿಗುತ್ತಿರಲಿಲ್ಲ. ಬಾಯಿ ತೆರೆದೆ ಕೂಡ. ಹೊರಬಂದ ಮಾತು, "ನೀರು ಬೇಕಾ ಉಸ್ತಾದ್?" ಅಷ್ಟೇ.

ಗುರುವಾರ ಕಪ್ಪು ದಾರದ ಡಬ್ಬಿಯನ್ನು ಮಗಳ ಕೈಲಿ ಶಾಲೆಗೇ ಕಳಿಸಿದರು. ಅದು ಅವರ ಕಪಾಟಿನಲ್ಲಿ ಮಲಗಿದ್ದ ತೋಟಾ. ಪಂದ್ಯದಲ್ಲಿ ಒಂದೂ ಕೈಕೊಡಲಿಲ್ಲ. ನಾನು ಆಯ್ಕೆಯಾದೆ. ಶಾಲೆಯಲ್ಲಿ ಹಾರ ಹಾಕಿದರು, ಮಕ್ಕಳು ಚಪ್ಪಾಳೆ ತಟ್ಟಿದರು, ಫೋಟೊ ಇವತ್ತಿಗೂ ಸ್ಟಾಫ್‌ರೂಮಿನ ಗೋಡೆಯ ಮೇಲಿದೆ. ಆ ಗೋಡೆಗೆ ಬೆನ್ನು ಮಾಡಿ ಕೂರುವುದು ನನ್ನ ಅಭ್ಯಾಸ.

ಅದಾದ ಮೇಲೆ ಉಸ್ತಾದರು ಯಾರ ತೋಟಾವನ್ನೂ ನೋಡಲಿಲ್ಲ. ಕೊರತೆ ಇನ್ನೂ ಇತ್ತು, ಜನ ಹುಡುಕಿಕೊಂಡು ಬರುತ್ತಲೇ ಇದ್ದರು. "ನಂಗೆ ಈಗ ಕಾಣಲ್ಲಪ್ಪ," ಎಂದು ಕೈಮುಗಿದು ಕಳಿಸುತ್ತಿದ್ದರು. ಕಣ್ಣು ಚೆನ್ನಾಗಿಯೇ ಇತ್ತು, ಪೇಪರು ಓದುತ್ತಿದ್ದರು. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಇವತ್ತು ಹೇಳಿಯೇಬಿಡುತ್ತೇನೆ ಎಂದುಕೊಂಡು ಬಸ್ಸು ಹತ್ತುವುದು, ಅವರ ಮಕಮಲ್ಲಿನಂಥ ಮಾತು ಕೇಳಿ, ಚಹಾ ಕುಡಿದು ವಾಪಸು ಬರುವುದು. ನಾನು ಹೊರಡುವಾಗ ಪ್ರತಿಸಲವೂ ಕೇಳುತ್ತಿದ್ದರು: "ನಿಮ್ಮ ಕೈ ಹೆಂಗಿದೆ ಟೀಚರಮ್ಮ?" ನನ್ನ ಕೈಗೆ ಏನಾಗಿತ್ತು! ಎರಡನೆಯ ವರ್ಷ ಅಂಗಡಿ ಮುಚ್ಚಿದರು. ಹೋದ ಚಳಿಗಾಲದಲ್ಲಿ, ಮೂರೇ ದಿನದ ಜ್ವರದಲ್ಲಿ ಹೋಗಿಬಿಟ್ಟರು. ಸುದ್ದಿ ನನಗೆ ಮಣ್ಣಾದ ಮೇಲೆ ತಲುಪಿತು.

ನಲವತ್ತನೇ ದಿನದ ಕಾರ್ಯ ಕಳೆದ ಮೇಲೆ ಅವರ ಮನೆಗೆ ಹೋದೆ. ಅವರ ಮಗಳು, ನನ್ನ ವಯಸ್ಸಿನವಳು, ಆ ಉದ್ದ ನೋಟುಬುಕ್ಕು ತಂದು ಮುಂದಿಟ್ಟಳು. "ಅಬ್ಬಾ ಇದನ್ನ ನಿಮಗೆ ಕೊಡು ಅಂದಿದ್ರು ಟೀಚರ್. ನೀವು ಕಲಿಸ್ತೀರಲ್ಲ, ಉಪಯೋಗ ಆಗ್ತದೆ ಅಂತ."

ಕೊನೆಯ ತುಂಬಿದ ಪುಟ ನನ್ನದೇ. ಯಾರದ್ದು: ಟೀಚರಮ್ಮ. ಹೇಗಿದೆ: ಮೇಣ ಕಮ್ಮಿ. ಎಲ್ಲಿ ಮಲಗಿತ್ತು: ಟ್ರಂಕು, ಟೀಚರಮ್ಮನೇ ಹೇಳಿದ್ದು. ಅದರ ಕೆಳಗೆ ಎಡಗೈಯಲ್ಲಿ ಬರೆದ ವಕ್ರ ಅಕ್ಷರ: ತಪ್ಪು ನನ್ನ ಉಗುರಿನದು. ಮುಂದಿನ ಪುಟಗಳೆಲ್ಲ ಖಾಲಿ.

ಪೆನ್ನು ಕೇಳಿದೆ. ಟ್ರಂಕು ಎಂಬುದರ ಮೇಲೆ ಗೀಟು ಹಾಕಿ ಬರೆದೆ: ಕೊಳಾಲದ ಬಳಿ ನಮ್ಮ ಮನೆ ಹಿಂದಿನ ಬಂಡೆಯ ಮೇಲೆ, ಮೂರು ದಿನ, ಬಿಸಿಲಿನಲ್ಲಿ. ನನಗೆ ಗೊತ್ತಿತ್ತು.

ಮಗಳು ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದಳು. ನನ್ನ ಮುಂದಿನ ಚಹಾ ಕೆನೆಗಟ್ಟಿತು. ಆಮೇಲೆ ಪುಸ್ತಕ ಮುಚ್ಚಿ ತನ್ನ ಮಡಿಲಲ್ಲೇ ಇಟ್ಟುಕೊಂಡಳು.

"ಜ್ವರದಲ್ಲೂ ಅಬ್ಬಾ ಆ ಬೆರಳನ್ನೇ ಬೈತಿದ್ರು ಟೀಚರ್," ಎಂದಳು. "ಒಂದು ಸಲನಾದ್ರೂ ಬಂದು ಹೇಳಬಾರದಿತ್ತಾ?"