ಹಬ್ಬಕ್ಕೆ ಬೇಡ, ಪ್ರೋಗ್ರಾಂಗೆ ಬೇಕು

ಆರ್‌ಪಿಸಿ ಲೇಔಟಿನ ಜಗದಾಂಬಾಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಅವರ ಹತ್ತಿರ ಹೊಲಿಗೆ ಕಲಿತ ಹೆಂಗಸರಿಗೆಲ್ಲ ಇದು ಗೊತ್ತು. ಮೇಡಂ ಗದರಿದರೆ ಚಿಂತೆಯಿಲ್ಲ. ‘ಬಿಚ್ಚಿ ಮತ್ತೆ ಹಾಕು’ ಎಂದು ಮೆಲ್ಲಗೆ ಅಂದರೆ ಬೆಳಗಿನಿಂದ ಹಾಕಿದ ಹೊಲಿಗೆಯೆಲ್ಲ ಹೋಯಿತು.

ರೆಡಿಮೇಡ್ ಬಟ್ಟೆ ಬಂದು ಕ್ಲಾಸು ಸೊರಗಿದ ಮೇಲೆ ಅವರು ಮಷೀನುಗಳನ್ನು ಮಾರಿದರು. ಮೊದಲ ಮಹಡಿ ಖಾಲಿಯಾಯಿತು. ಬಾಡಿಗೆಗೆ ಕೊಡೋಣ ಎಂದರು ಗಂಡ ಪಂಚಾಕ್ಷರಿ. ಅವರು ಬಸ್ ಡಿಪೋದಿಂದ ನಿವೃತ್ತರಾಗಿ, ಜಗತ್ತಿನ ಯಾವ ತಂಟೆಯೂ ಬೇಡವೆಂದು ಟಿವಿ ಮುಂದೆ ಕೂತವರು. ಜಗದಾಂಬಾ ಕೇಳಲಿಲ್ಲ. ಪ್ಲಾಸ್ಟಿಕ್ ಕುರ್ಚಿ ತರಿಸಿ, ತಿಂಗಳಿಗೊಂದು ಶನಿವಾರ ಸಂಜೆ ಅಲ್ಲಿ ಹಾಡಿಸತೊಡಗಿದರು. ಮಾರೇನಹಳ್ಳಿ ಹುಡುಗರ ಗಿಟಾರ್ ತಂಡ, ನರ್ಸೊಬ್ಬರ ಭಾವಗೀತೆ, ಯಾರಾದರೂ ಸರಿ. ಟಿಕೆಟ್ಟಿನ ಹಣ ಹಾಡಿದವರಿಗೆ. ಷರತ್ತು ಒಂದೇ: ನಡುವೆ ಮಾತಾಡುವವರು ಎದ್ದು ಹೋಗಬೇಕು.

ಮಡಿವಾಳಪ್ಪನವರನ್ನು ಅವರು ಮೊದಲು ಕಂಡದ್ದು ಬಾಪೂಜಿ ನಗರದ ಯಾವುದೋ ಸಂಘದ ಸಭೆಯಲ್ಲಿ. ಧಾರವಾಡದ ಕಡೆಯ ಮುದುಕರು, ಮಗಳು ಲಕ್ಷ್ಮವ್ವನ ಮನೆಯಲ್ಲಿದ್ದರು, ಏಕತಾರಿ ಹಿಡಿದು ತತ್ವಪದ ಹಾಡುವವರು. ಮುಖ್ಯ ಅತಿಥಿ ತಡವಾಗಿದ್ದಾರೆಂದು ಅವರನ್ನು ಹಾಡಲು ಕೂರಿಸಿದ್ದರು. ಅತಿಥಿಯ ಕಾರು ಕಂಡ ಕೂಡಲೇ ಕಾರ್ಯದರ್ಶಿ ಸಾಕು ಎಂದು ಕೈ ಬೀಸಿದ. ಪದ ಅರ್ಧಕ್ಕೆ ನಿಂತಿತು. ಮುದುಕರು ಒಂದಿಷ್ಟೂ ಬೇಸರಪಡದೆ ಏಕತಾರಿಯನ್ನು ಬಟ್ಟೆಯ ಚೀಲಕ್ಕೆ ತೂರಿಸಿದರು. ಜಗದಾಂಬಾಗೆ ಸಹಿಸಲಾಗದ್ದು ಅವರು ಬೇಸರಪಡದಿದ್ದುದೇ.

“ನಮ್ಮನೇಲಿ ಬಂದು ಹಾಡಿ. ಆರರಿಂದ ಎಂಟು ನಿಮ್ದೇ. ಯಾರೂ ನಿಲ್ಸಲ್ಲ. ನಾನು ಮಾತು ಕೊಡ್ತೀನಿ.”

ಮುದುಕರು ನಕ್ಕರು. “ನಿಲ್ಲಸ್ತಾರವ್ವಾ. ಎಲ್ಲಿ ಹ್ವಾದ್ರೂ ನಿಲ್ಲಸ್ತಾರ. ನನಗ ರೂಢಿ ಆಗೇತಿ.”

ಅದೇ ವಾರ ಬೀಟ್ ಪೊಲೀಸ್ ನಾಗೇಂದ್ರ ಗೇಟಿಗೆ ಬಂದ. “ಆಂಟಿ, ಮೇಲ್ಗಡೆ ಪ್ರೋಗ್ರಾಂ ಮಾಡ್ತೀರಂತೆ. ಪರ್ಮಿಷನ್ ಇದ್ಯಾ?”

ಆಗ ರಾಜ್ಯೋತ್ಸವದ ದಿನಗಳು. ತಿರುವಿನಲ್ಲಿ ರಸ್ತೆಗೆ ಅಡ್ಡವಾಗಿ ಪೆಂಡಾಲು ಹಾಕಿ, ಆಳೆತ್ತರದ ಸ್ಪೀಕರು ಪೇರಿಸಿ, ಆರ್ಕೆಸ್ಟ್ರಾದವರು ಹಾಡುತ್ತಿದ್ದರು. ಜಗದಾಂಬಾರ ಅಡುಗೆಮನೆಯ ಸ್ಟೀಲ್ ಡಬ್ಬಿಗಳು ಅದರುತ್ತಿದ್ದವು. ವಾಹನಗಳನ್ನು ಬೇರೆ ದಾರಿಗೆ ತಿರುಗಿಸುತ್ತಿದ್ದವನು ಇದೇ ನಾಗೇಂದ್ರ.

“ಅವರ ಹತ್ರ ಇದ್ಯೇನಪ್ಪಾ ಪರ್ಮಿಷನ್ನು?”

“ಅದು ಹಬ್ಬ ಆಂಟಿ. ಹಬ್ಬಕ್ಕೆ ಯಾರು ಕೇಳ್ತಾರೆ? ನಿಮ್ದು ಪ್ರೋಗ್ರಾಂ.”

ತೆರಿಗೆ, ಕರೆಂಟು, ನೀರು, ಯಾವ ಬಿಲ್ಲನ್ನೂ ಬಾಕಿ ಉಳಿಸಿದವರಲ್ಲ ಜಗದಾಂಬಾ. ಮರುದಿನವೇ ಠಾಣೆಗೆ ಹೋದರು. ಅರ್ಜಿ ತೆಗೆದುಕೊಳ್ಳುವ ಠಾಣಾ ಬರಹಗಾರ ತಲೆ ಎತ್ತದೆ ಕೇಳಿದ.

“ಮೈಕ್ ಇದ್ಯಾ?”

“ಒಂದು.”

“ಮೈಕಿಗೆ ಬೇರೆ ಪರ್ಮಿಷನ್. ಟಿಕೆಟ್ ಇದ್ಯಾ?”

“ಇದೆ.”

ಅವನು ಪೆನ್ನು ಕೆಳಗಿಟ್ಟ. “ಅಯ್ಯೋ, ಯಾಕೆ ಮೇಡಂ ಇದೆ ಅಂತೀರಾ? ಭಜನೆ ಅಂತ ಬರ್ಕೊಡಿ. ಒಂದು ದೇವರ ಫೋಟೋ ಇಟ್ಬಿಡಿ, ಮುಗೀತು.”

“ಭಜನೆ ಅಲ್ವಲ್ಲ.”

“ಹಾಗಾದ್ರೆ ಫೈರ್‌ನವರ ಕಾಗದ ತನ್ನಿ, ಪಾಲಿಕೆ ಲೈಸೆನ್ಸ್ ತನ್ನಿ, ಹಾಡಿನ ಹಕ್ಕಿನವರ ಒಪ್ಪಿಗೆ ತನ್ನಿ.”

ಅಗ್ನಿಶಾಮಕದವನು ಬಂದು ಮೆಟ್ಟಿಲು ಕಿರಿದು ಎಂದ. ಮೂವತ್ತು ವರ್ಷ ಹೆಂಗಸರು ದಿನಾ ಹತ್ತಿ ಇಳಿದ ಮೆಟ್ಟಿಲದು ಎಂದು ಜಗದಾಂಬಾ ಹೇಳಿದರೆ, “ಅದು ಕ್ಲಾಸು, ಇದು ಮನರಂಜನೆ” ಎಂದ. ಹೊಲಿಗೆ ಕಲಿಯುವವರು ಬೆಂಕಿಗೆ ಸಿಕ್ಕರೆ ಅಡ್ಡಿಯಿಲ್ಲವೆಂದು ಇದರ ಅರ್ಥವೇ ಎಂದು ಕೇಳಿದಾಗ ಅವನು ಫೋನ್ ಬಂದವನಂತೆ ಹೊರಗೆ ಹೋದ. ಹಾಡಿನ ಹಕ್ಕಿನ ಕಂಪನಿಯ ಹುಡುಗಿ ಫೋನಿನಲ್ಲಿ ಪದ ಬರೆದವರ ಫೋನ್ ನಂಬರ್ ಕೇಳಿದಳು.

“ಸತ್ತು ನೂರು ವರ್ಷದ ಮೇಲಾಯ್ತಮ್ಮ.”

“ಓಕೆ ಮೇಡಂ. ಆದ್ರೂ ಒಂದು ಎನ್‌ಒಸಿ ತಗೊಂಡ್ಬಿಟ್ರೆ ಸೇಫು.”

ಪಾಲಿಕೆಯಲ್ಲಿ ಪೊಲೀಸರ ಕಾಗದ ಮೊದಲು ತನ್ನಿ ಎಂದರು, ಠಾಣೆಯಲ್ಲಿ ಪಾಲಿಕೆಯದು ಮೊದಲು ಎಂದರು. ಜಗದಾಂಬಾ ಠಾಣೆಯ ಬೆಂಚಿನ ಮೇಲೆ ಕೂತು ಸೀರೆಗಳಿಗೆ ಫಾಲ್ ಹಾಕಿದರು. ಚಳಿಗಾಲ ಹೋಗಿ ಬೇಸಿಗೆ ಬಂತು. ಶನಿವಾರಗಳು ಖಾಲಿ ಹೋದವು. ಕೊನೆಗೆ ಒಂದು ದಿನ, ಇದ್ದಕ್ಕಿದ್ದಂತೆ, ಬರಹಗಾರ ತಾನೇ ಕರೆದು ಎಲ್ಲ ಕಾಗದಗಳನ್ನೂ ಒಟ್ಟಿಗೆ ಕೈಗಿತ್ತ. ಮನೆಗೆ ಬಂದು ಜಗದಾಂಬಾ ಗಂಡನಿಗೆ ಹೇಳಿದರು: “ನೋಡಿದ್ರಾ? ಸುಳ್ಳು ಹೇಳದೆ ಕೂತ್ರೆ ಕೊಡಲೇಬೇಕು.” ಪಂಚಾಕ್ಷರಿ ಟಿವಿಯ ದನಿ ಏರಿಸಿದರು.

ಕಾರ್ಯಕ್ರಮದ ಸಂಜೆ ಹೂ ತರಲು ಹೋಗಿ ಬಂದ ಜಗದಾಂಬಾ ಗೇಟಿನ ಬಳಿ ನಿಂತುಬಿಟ್ಟರು. ಗೇಟಿನಗಲ ಫ್ಲೆಕ್ಸು. ಅದರ ತುಂಬ ಕೈಮುಗಿದ ಒಬ್ಬ ಮನುಷ್ಯ, ಸುತ್ತ ಅವನ ಹಿಂಬಾಲಕರ ಮುಖಗಳು. ಮೂಲೆಯಲ್ಲಿ ಅಂಚೆಚೀಟಿಯಷ್ಟು ಮಡಿವಾಳಪ್ಪ.

“ಇದ್ಯಾರ್ರೀ?” ಎಂದು ಬಾಗಿಲಲ್ಲಿದ್ದ ಗಂಡನನ್ನು ಕೇಳಿದರು.

“ರವಿಕುಮಾರ್ ಅವ್ರು. ನಮ್ಮ ಏರಿಯಾ ಲೀಡ್ರು. ಮುಖ್ಯ ಅತಿಥಿ ಅಂತ ಹಾಕಿದೀವಿ, ಅಷ್ಟೇ.”

“ಹಾಕಿದೀವಿ ಅಂದ್ರೆ?”

“ಹಾಕಿದೀನಿ,” ಎಂದರು ಪಂಚಾಕ್ಷರಿ. “ಒಂದು ಫೋನ್ ಮಾಡಿದ್ರು ಜಗದಾ. ಒಂದೇ ದಿನದಲ್ಲಿ ಎಲ್ಲಾ ಆಯ್ತು. ಇಲ್ದಿದ್ರೆ ನೀನು ಇನ್ನೂ ಆ ಬೆಂಚಿನ ಮೇಲೇ ಕೂತಿರ್ತಿದ್ದೆ.”

“ಕೂತಿರ್ತಿದ್ದೆ,” ಎಂದರು ಜಗದಾಂಬಾ. ದನಿ ಇಳಿದಿತ್ತು. ಪಂಚಾಕ್ಷರಿ ಒಳಗೆ ಸರಿದರು.

ಅತಿಥಿ ಬಾರದೆ ಶುರು ಮಾಡಬಾರದೆಂದು ಅವನ ಕಡೆಯವರು ಮೊದಲೇ ಬಂದು ಮೈಕಿನ ಪಕ್ಕ ನಿಂತರು. ಆತ ಬಂದದ್ದು ಏಳಕ್ಕೆ. ಮುಂದಿನ ಸಾಲಿನವರನ್ನು ಎಬ್ಬಿಸಿ ಹಿಂಬಾಲಕರು ಕೂತರು. ಆತನಿಗೆ ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಎಲ್ಲವನ್ನೂ ಅವರೇ ತಂದಿದ್ದರು, ಅವರೇ ಹಾಕಿದರು, ಅವರೇ ಚಪ್ಪಾಳೆ ತಟ್ಟಿದರು. ಆಮೇಲೆ ಕಲೆಯ ಉಳಿವಿನ ಬಗ್ಗೆ ಆತನ ಭಾಷಣ. ಮಡಿವಾಳಪ್ಪ ಕಂಬಳಿಯ ಮೇಲೆ ಏಕತಾರಿ ಹಿಡಿದು, ಬಸ್ಸು ಕಾಯುವವರ ಹಾಗೆ ಕೂತಿದ್ದರು. ಜಗದಾಂಬಾ ಒಂದೆರಡು ಸಲ ಮೈಕಿನ ಕಡೆ ಹೋದರು. ಆತನ ಕಡೆಯವರು, “ಒಂದೈದ್ ನಿಮ್ಷ ಮೇಡಂ” ಎಂದು ಅಡ್ಡ ನಿಂತರು.

“ಅಜ್ಜ, ಒಂದು ಹಾಡು ಹೇಳ್ಬಿಡಿ, ವಿಡಿಯೋ ಮಾಡ್ಕೊಳ್ಳಲಿ,” ಎಂದ ಅತಿಥಿ. ಮುದುಕರು ಎರಡು ಸಾಲು ಹಾಡುವಷ್ಟರಲ್ಲಿ ಹಾಡುತ್ತಿದ್ದ ಕೊರಳಿಗೇ ಶಾಲು ಹೊದಿಸಿ, ಫೋಟೋ ತೆಗೆಸಿಕೊಂಡು, ಮೆಟ್ಟಿಲು ದಡದಡಿಸುತ್ತ ಎಲ್ಲರೂ ಇಳಿದು ಹೋದರು.

ಉಳಿದ ಹೊತ್ತಿನಲ್ಲಿ ಮಡಿವಾಳಪ್ಪ ಒಂದು ಪದ ಮುಗಿಸಿದರು. ಎರಡನೆಯದರ ನಡುವೆ ಬಾಗಿಲಲ್ಲಿ ನಾಗೇಂದ್ರ ಕಾಣಿಸಿಕೊಂಡ. “ಆಂಟಿ, ಎಂಟಾಯ್ತು.”

ಜಗದಾಂಬಾ ತಿರುಗಿ ನೋಡುವಷ್ಟರಲ್ಲಿ ಮುದುಕರ ಕೈ ಆಗಲೇ ಬಟ್ಟೆಚೀಲದ ಮೇಲಿತ್ತು.

“ಇಡಬೇಡಿ,” ಎಂದರು ಜಗದಾಂಬಾ. ಗೋಡೆಗೆ ಹೋಗಿ ಮೈಕಿನ ಪ್ಲಗ್ ಕಿತ್ತರು. “ಮೈಕಿನ ಪರ್ಮಿಷನ್ ಮುಗೀತು. ಮೈಕ್ ಇಲ್ಲ. ಇನ್ನೇನಪ್ಪಾ?”

“ಟಿಕೆಟ್ ಇದ್ಯಲ್ಲ ಆಂಟಿ. ಪ್ರೋಗ್ರಾಮೇ ಮುಗೀಬೇಕು.”

ಅವರು ಕುರ್ಚಿಗಳ ಕಡೆ ತಿರುಗಿದರು. “ಟಿಕೆಟ್ ದುಡ್ಡು ಎಲ್ಲರಿಗೂ ವಾಪಸ್. ಇನ್ಮೇಲೆ ನೀವು ನಮ್ಮನೇಗೆ ಬಂದ ನೆಂಟ್ರು.” ಮತ್ತೆ ನಾಗೇಂದ್ರನಿಗೆ, ಬಹಳ ಮೆಲ್ಲಗೆ: “ಲೀಡ್ರು ಕಾರಿಳಿಯೋವಾಗ ಗೇಟಲ್ಲಿ ಸೆಲ್ಯೂಟ್ ಹೊಡೀತಿದ್ದೆ, ಕಿಟಕೀಲಿ ನೋಡ್ದೆ. ಈಗ ಇದು ಪ್ರೋಗ್ರಾಂ ಅಲ್ಲ, ಹಬ್ಬ. ಹಬ್ಬಕ್ಕೆ ಯಾರು ಕೇಳ್ತಾರೆ ಅಂದೋನು ನೀನೇ.”

ಹಿಂದಿನ ಸಾಲಿನಲ್ಲಿದ್ದ ಹಳೆಯ ಶಿಷ್ಯೆ ಲತಾ ಕೈ ಎತ್ತಿದಳು. “ಹಂಗಾದ್ರೆ ಮಾತಾಡ್ಬೋದಾ ಮೇಡಂ?”

“ಇಲ್ಲ.”

ನಾಗೇಂದ್ರ ಟೋಪಿ ತೆಗೆದು, ಅಲ್ಲೇ ಮೆಟ್ಟಿಲಿನ ಮೇಲೆ ಬೆನ್ನು ಹಾಕಿ ಕೂತ.

“ಎಲ್ಲಿಗೆ ನಿಲ್ಲಿಸಿದ್ನವ್ವಾ ನಾನು?” ಎಂದರು ಮಡಿವಾಳಪ್ಪ.

“ಎಲ್ಲಿಗಾದ್ರೂ ಇರ್ಲಿ. ಮೊದಲಿಂದ ಹಾಡಿ.”

ಹತ್ತರ ತನಕ ಹಾಡಿದರು. ಅವರಿಗೆ ಸಲ್ಲಬೇಕಾದ ಹಣ ಪಂಚಾಕ್ಷರಿಯವರ ಜೇಬಿನಿಂದ ಹೋಯಿತು. ಕೊಡುವಿರಾ ಎಂದು ಅವರನ್ನು ಯಾರೂ ಕೇಳಲಿಲ್ಲ. ಅವರು ಫ್ಲೆಕ್ಸನ್ನು ಮಡಚಿ, ಮಳೆ ಬಂದಾಗ ಸ್ಕೂಟರಿಗೆ ಹೊದಿಸಬಹುದು ಎಂದು ಎತ್ತಿಡಲು ಹೋದಾಗ ಜಗದಾಂಬಾ ಹೊಲಿಗೆಯ ದೊಡ್ಡ ಕತ್ತರಿ ತಂದು ಅದನ್ನು ನಾಲ್ಕು ತುಂಡು ಮಾಡಿದರು.

ಸೋಮವಾರ ಮತ್ತೆ ಠಾಣೆ. ಬರಹಗಾರ ಅರ್ಜಿಯನ್ನು ಎರಡು ಬೆರಳಿನಲ್ಲಿ ಹಿಡಿದ.

“ಈ ಸಲ ಮುಖ್ಯ ಅತಿಥಿ ಯಾರು ಮೇಡಂ?”

“ಯಾರೂ ಇಲ್ಲ.”

“ರವಿಕುಮಾರಣ್ಣ ಬೇಜಾರಾಗಿದಾರೆ. ಅವರು ಹೋದ್ಮೇಲೆ ನೀವು ಪುನಃ ಹಾಡಿಸಿದ್ರಂತೆ.”

“ಆಗಿರ್ಲಿ.”

“ಟಿಕೆಟ್ ಇದ್ಯಾ?” ಎಂದು ಕೇಳಿ, ಇಲ್ಲ ಎನ್ನಲಿ ಎಂಬಂತೆ ನೋಡಿದ.

“ಇದೆ,” ಎಂದರು ಜಗದಾಂಬಾ. ಬೆಂಚಿಗೆ ಹೋಗಿ ಕೂತು, ಚೀಲದಿಂದ ಸೀರೆ ತೆಗೆದು, ಸೂಜಿಗೆ ದಾರ ಪೋಣಿಸಿದರು.