ಅಂಗಡಿಯ ಶಿಕ್ಕಾ ಬಿದ್ದ ಕಾಗದ

ನೀಲಗಂಗಾಳಿಗೆ ಒಬ್ಬಳು ಮಗಳು ಬೇಕಾಗಿತ್ತು. ಮನೆಗೆಲಸಕ್ಕೆ ಕೈಗೂಡಲಿ ಎಂದಲ್ಲ. ಆ ಲೆಕ್ಕ ಅತ್ತೆ ಕಾಶಮ್ಮನದು. "ಮೂರನೇದಾರ ಹೆಣ್ಣು ಆಗಿದ್ರ ಇಷ್ಟೊತ್ತಿಗೆ ರೊಟ್ಟಿ ಬಡಿಯಾಕ ಕಲೀತಿತ್ತು" ಎಂದು ಮುದುಕಿ ವಾರಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ನೀಲಗಂಗಾಳಿಗೆ ಬೇಕಾಗಿದ್ದುದು ಮಾತಾಡಲು ಒಂದು ಜೀವ.

ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ, ಹದಿನೇಳನೆಯ ವಯಸ್ಸಿಗೆ, ಅವಳು ಬೈಲಹೊಂಗಲದಿಂದ ಗೋವಾದ ವಾಳಪೈಗೆ ಸೊಸೆಯಾಗಿ ಬಂದಳು. ಗಂಡ ಸೋಮಲಿಂಗಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ, ಅದರ ಹಿಂದೆಯೇ ಮನೆ. ಐದು ಗಂಟೆಗೆ ಒಲೆ ಹಚ್ಚಿದರೆ ರೊಟ್ಟಿ, ನೀರು, ಪಾತ್ರೆ, ಮಳೆಗಾಲದಲ್ಲಿ ನಾಲ್ಕು ದಿನಕ್ಕೂ ಒಣಗದ ಬಟ್ಟೆ. ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ ಅಂಗಡಿಯ ಕೈಚೀಲ ಹೊಲಿಯಬೇಕು, ಗಿರಾಕಿಗಳು ಬಿಚ್ಚಿಹಾಕಿದ ಸೀರೆಗಳನ್ನು ಮಡಚಬೇಕು, ಅಂಗಡಿಯ ಹೆಸರಿನ ರಬ್ಬರ್ ಶಿಕ್ಕಾ ಒತ್ತುವ ಪ್ಯಾಡಿಗೆ ನೇರಳೆ ಶಾಯಿ ಹನಿಸಬೇಕು. ಅಂಗಡಿ ಯಾರು ನಡೆಸುತ್ತಾರೆಂದು ಕೇಳಿದರೆ ಮಾತ್ರ ಊರವರು ಸೋಮಲಿಂಗಪ್ಪನ ಹೆಸರು ಹೇಳುತ್ತಿದ್ದರು.

ಮಕ್ಕಳು ಮೂರೂ ಗಂಡು. ಶಾಲೆಯಲ್ಲಿ ಮರಾಠಿ, ಬೀದಿಯಲ್ಲಿ ಕೊಂಕಣಿ. ಅವಳು "ಊಟಕ್ಕ ಬರ್ರೋ" ಎಂದು ಕೂಗಿದರೆ "ಯೆತಾಂ, ಯೆತಾಂ" ಎಂದು, ಬಂದೆವು ಎಂಬುದಕ್ಕೂ ಕೊಂಕಣಿಯಲ್ಲೇ, ಅಂಗಳದಿಂದ ಉತ್ತರ ಬರುತ್ತಿತ್ತು. ಉಂಡು ಓಡುತ್ತಿದ್ದರು. ಮಗಳಾಗಿದ್ದರೆ ತಲೆ ಬಾಚಿಸಿಕೊಳ್ಳಲಾದರೂ ಅರ್ಧ ತಾಸು ಮುಂದೆ ಕೂರುತ್ತಿದ್ದಳು, ಆ ಅರ್ಧ ತಾಸಿನಲ್ಲಿ ತನ್ನ ಅವ್ವನ ಮಾತು ಅವಳ ಕಿವಿಗೆ ಬೀಳುತ್ತಿತ್ತು ಎಂದು ನೀಲಗಂಗಾ ಯೋಚಿಸುತ್ತಿದ್ದಳು.

ಮೊದಲೆರಡು ಹೆರಿಗೆ ತವರಿನಲ್ಲಿ ಸಲೀಸಾಗಿ ಆಗಿದ್ದವು. ಎಂಬತ್ತೈದರಲ್ಲಿ ಮೂರನೆಯದಕ್ಕೆ ಕೂಸು ಅಡ್ಡ ತಿರುಗಿ, ಮಾಪುಸಾದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ತೆಗೆದರು. ಆಮೇಲೆ ಬಸಿರು ನಿಲ್ಲಲಿಲ್ಲ. ಅವಳು ಸೋಮವಾರ ಹಿಡಿದಳು. ಅವಳ ಉಪವಾಸದ ದಿನವೂ ಉಳಿದ ಐವರಿಗೆ ಎರಡು ಹೊತ್ತಿನ ಅಡುಗೆ ಅವಳದೇ. ಸಂಜೆ ಗುಡಿಗೆ ಹೊರಟಾಗ ಹಣ್ಣು ಕಾಯಿಯ ಬುಟ್ಟಿಯನ್ನು ಸೋಮಲಿಂಗಪ್ಪ ತಾನೇ ಹಿಡಿದು ನಡೆಯುತ್ತಿದ್ದ. ಹೀಗೆ ಒಂಬತ್ತು ವರ್ಷ.

ತೊಂಬತ್ತನಾಲ್ಕರಲ್ಲಿ ವಾಳಪೈಗೆ ಹೊಸ ಡಾಕ್ಟರಬಾಯಿ ಬಂದರು. ಕಾರವಾರದವರು, ಕನ್ನಡ ಬಲ್ಲವರು. ಅಷ್ಟೇ ಸಾಕಾಯಿತು. ನೀಲಗಂಗಾ ತನಗೇಕೆ ಮತ್ತೆ ಮಗುವಾಗುತ್ತಿಲ್ಲ ಎಂದು ಮೊದಲ ಬಾರಿ ಬಾಯಿಬಿಟ್ಟು ಕೇಳಿದಳು. ಡಾಕ್ಟರಬಾಯಿ ಹಳೆಯ ಕಾಗದಗಳನ್ನು ತರಲು ಹೇಳಿದರು.

ಸೋಮಲಿಂಗಪ್ಪ ಯಾವ ಕಾಗದವನ್ನೂ ಎಸೆಯುವವನಲ್ಲ. ಟ್ರಂಕಿನಲ್ಲಿ ವರ್ಷವಾರು ಕಟ್ಟುಗಳಿದ್ದವು. ಎಂಬತ್ತೈದರ ಕಟ್ಟನ್ನು ಅವಳು ಬಿಚ್ಚದೆ ಹಾಗೆಯೇ ಸೆರಗಿನಡಿ ಒಯ್ದಳು. ಡಾಕ್ಟರಬಾಯಿ ಒಂದು ಹಾಳೆಯನ್ನು ಎರಡು ಸಲ ಓದಿದರು.

"ಇದು ಆಪರೇಶನ್ನಿನ ಒಪ್ಪಿಗೆ ಪತ್ರದ ನಕಲು. ಮಗು ತೆಗೆದಾಗಲೇ ನಿಮ್ಮ ಗರ್ಭದ ನಳಿ ಕತ್ತರಿಸಿದ್ದಾರೆ. ಮುಂದೆ ಮಕ್ಕಳಾಗಬಾರದು ಅಂತ. ನಿಮಗೆ ಯಾರೂ ಹೇಳಲಿಲ್ವಾ?"

ನೀಲಗಂಗಾ ಹಾಳೆಯತ್ತ ಬಾಗಿದಳು. ಇಂಗ್ಲಿಷು ಅವಳಿಗೆ ಬರುತ್ತಿರಲಿಲ್ಲ. ಆದರೆ ಕೆಳಗೆ, ಗಂಡನ ಸಹಿಯ ಮೇಲೆ, ನೇರಳೆ ಬಣ್ಣದ ದುಂಡನೆಯ ಅಂಗಡಿ ಶಿಕ್ಕಾ ಇತ್ತು. ಅದನ್ನು ಓದಬೇಕಾಗಿರಲಿಲ್ಲ. ಸಹಿಯಿದ್ದಲ್ಲಿ ಶಿಕ್ಕಾ ಬೀಳಲೇಬೇಕೆಂಬುದು ಸೋಮಲಿಂಗಪ್ಪನ ರೂಢಿ. ಊರೂರು ತಿರುಗುವಾಗಲೂ ಪ್ಯಾಡು ಅವನ ಕೈಚೀಲದಲ್ಲೇ ಇರುತ್ತಿತ್ತು. ಜವಳಿಯ ಗಂಟು ಇಳಿಸಿಕೊಂಡಾಗ ರಸೀದಿಗೆ ಒತ್ತುವ ಹಾಗೆಯೇ ಇದರ ಮೇಲೂ ಒತ್ತಿದ್ದ. ಶಾಯಿ ಅವಳೇ ಹನಿಸಿದ್ದು.

"ಪೇಶಂಟಿನ ಸಹಿಯ ಜಾಗ ಖಾಲಿ ಇದೆ ನೋಡಿ," ಎಂದರು ಡಾಕ್ಟರಬಾಯಿ. "ಜೀವಕ್ಕೆ ಅಪಾಯ ಅಂತಿದ್ರೆ ಮಾತು ಬೇರೆ. ಇದು ಹಾಗಲ್ಲ. ಎಚ್ಚರ ಇದ್ದ, ವಯಸ್ಸಿಗೆ ಬಂದ ಹೆಂಗಸಿನ ಮೈಗೆ ಅವಳದೇ ಒಪ್ಪಿಗೆ ಬೇಕು. ಗಂಡನದು ಸಾಲೋದಿಲ್ಲ. ನೀವು ದೂರು ಕೊಡಬಹುದು."

"ದೂರು ಕೊಟ್ರ ಮಗಳು ಹುಟ್ತಾಳೇನ್ರಿ?"

ಡಾಕ್ಟರಬಾಯಿ ಚೀಟಿಯ ಪುಸ್ತಕವನ್ನು ಮುಂದಕ್ಕೆಳೆದುಕೊಂಡರು. ಆಮೇಲೆ, ಕತ್ತರಿಸಿದ ನಳಿಯನ್ನು ಮತ್ತೆ ಜೋಡಿಸುವ ಆಪರೇಶನ್ ಒಂದಿದೆ, ಎಲ್ಲರಿಗೂ ಫಲಿಸುವುದಿಲ್ಲ, ಪಣಜಿ ಕಡೆಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಯುತ್ತೇನೆ ಎಂದರು.

ಅಂದು ಮಧ್ಯಾಹ್ನ ಗಂಡನ ತಾಟಿಗೆ ಎರಡನೆಯ ರೊಟ್ಟಿ ಹಾಕುತ್ತ ನೀಲಗಂಗಾ ಆ ಹಾಳೆಯನ್ನು ತಾಟಿನ ಪಕ್ಕ ಇಟ್ಟಳು.

"ಏನಿದು?" ಎಂದವನು, ಗುರುತು ಸಿಕ್ಕ ಕೂಡಲೇ ತುತ್ತು ಕೆಳಗಿಟ್ಟ. "ಟ್ರಂಕಿಗ್ಯಾಕ ಕೈ ಹಾಕಿದಿ?"

"ನನ್ನ ಹೊಟ್ಟಿಗೆ ನೀವ್ಯಾಕ ಕೈ ಹಾಕಿದ್ರಿ?"

ಗೋಡೆಗೆ ಒರಗಿದ್ದ ಕಾಶಮ್ಮ ಎಲೆ ಅಗಿಯುವುದನ್ನು ನಿಲ್ಲಿಸಿದಳು. "ಏನಾಗೇತ್ಲೇ?"

"ಏನಿಲ್ಲ ಬೇ," ಎಂದ ಸೋಮಲಿಂಗಪ್ಪ. ಹೆಂಡತಿಯ ಕಡೆ ತಿರುಗಿ ದನಿ ಇಳಿಸಿದ. "ಡಾಕ್ಟರು ಹೊರಗ ಬಂದು ಕೇಳಿದ್ರು. ಮೂರು ಗಂಡು ಅದಾವು, ಹೆಂಗೂ ಹೊಟ್ಟಿ ತಗದೇತಿ, ಒಂದ ಸಲಕ್ಕ ಮುಗಿಸಿಬಿಡ್ಲೇನು ಅಂದ್ರು. ಮುಂದ ಬ್ಯಾರೆ ಮಾಡಿಸಿದ್ರ ನೀ ಮತ್ತ ಹದಿನೈದು ದಿನ ಮಲಗಬೇಕಾಗ್ತಿತ್ತು. ಮನಿ ಯಾರು ನೋಡ್ತಿದ್ರು? ನಿನ್ನ ಚಲೋದಕ್ಕ ಮಾಡೇನಿ."

"ಮತ್ತ ಬುಟ್ಟಿ ಯಾಕ ಹೊತ್ರಿ, ಒಂಬತ್ತು ವರ್ಷ? ಅದೂ ನನ್ನ ಚಲೋದಕ್ಕ ಏನು?"

"ಹೇಳಬೇಕಂತನ ಇದ್ದೆ. ನೀ ಬಾಣಂತಿ ಇದ್ದಿ. ಆಮ್ಯಾಲ ಉಪಾಸ ಹಿಡದಿ. ಉಪಾಸ ಹಿಡದಾಕಿಗೆ ಹೆಂಗ ಹೇಳ್ಲಿ?"

ಕಾಶಮ್ಮ ಎಲೆ ಉಗುಳಿ ಬಂದಳು. "ಹದಿನೈದು ದಿನ ನಾ ಸತ್ತಿದ್ನೇನೋ, ರೊಟ್ಟಿ ಬಡಿಯಾಕ? ನನ್ನ ಬಾಯಿಂದನೂ ಒಂಬತ್ತು ವರ್ಷ ಈಕಿಗೆ ಬೈಸಿದೆಲ್ಲೋ!"

ನೀಲಗಂಗಾ ಮೂರನೆಯ ರೊಟ್ಟಿ ಬಡಿಯಲಿಲ್ಲ.

ಹದಿನೈದು ದಿನದ ಮೇಲೆ ಪಣಜಿಗೆ ಹೊರಟಾಗ ಸೋಮಲಿಂಗಪ್ಪ ಅಂಗಡಿ ಮುಚ್ಚಿ ತಾನೂ ಬಂದ. ಅವಳು ಬರಬೇಡವೆನ್ನಲಿಲ್ಲ, ಬಾ ಎನ್ನಲೂ ಇಲ್ಲ. ಪರೀಕ್ಷೆಗಳಾದವು. ಎರಡನೆಯ ಸಲ ಹೋದಾಗ ಅಲ್ಲಿನ ಸರ್ಜನ್ ಅವಳೊಬ್ಬಳನ್ನೇ ಕೂರಿಸಿಕೊಂಡು ಕಾಗದದ ಮೇಲೆ ಚಿತ್ರ ಬರೆದರು. ಇಲ್ಲಿ ಗರ್ಭದ ಚೀಲ, ಇಲ್ಲಿ ಎರಡು ನಳಿ, ನಡುವೆ ಇಷ್ಟು ಭಾಗವನ್ನೇ ತೆಗೆದುಬಿಟ್ಟಿದ್ದಾರೆ. ಜೋಡಿಸಲು ಉಳಿದದ್ದು ಕಡಿಮೆ. ಹತ್ತು ಮಂದಿಯಲ್ಲಿ ಒಬ್ಬಳಿಗೆ ಫಲಿಸಿದರೆ ಹೆಚ್ಚು. ಫಲಿಸಿದರೂ ಬಸಿರು ನಳಿಯಲ್ಲೇ ನಿಂತು ಜೀವಕ್ಕೆ ಎರವಾಗಬಹುದು. ಮಾಡಿ ಅಂದರೆ ಮಾಡುತ್ತೇವೆ.

ಅವರು ಹಿಂದಿಯಲ್ಲಿ ಹೇಳಿದರು. ಅವಳಿಗೆ ಅರ್ಥವಾಗಿತ್ತು. ಆದರೂ "ಇನ್ನೊಮ್ಮೆ ಹೇಳಿ" ಎಂದಳು. ಅವಳ ಮೈಯೊಳಗೆ ಏನಿದೆ, ಏನಿಲ್ಲ ಎಂದು ಯಾರೂ ಅವಳೆದುರು ಕೂತು ಹೇಳಿದ್ದೇ ಇಲ್ಲ. ಸರ್ಜನ್ ಬೇಸರಿಸದೆ ಮತ್ತೊಂದು ಚಿತ್ರ ಬರೆದರು.

ಹೊರಗಿನ ಗುಮಾಸ್ತ ಫಾರ್ಮು ಹಿಡಿದು "ಗಂಡ ಎಲ್ಲಿ?" ಎಂದು ಕೇಳಿದ. ಬಾಗಿಲಲ್ಲಿದ್ದ ಸೋಮಲಿಂಗಪ್ಪ ಕಿಸೆಯಿಂದ ಪೆನ್ನು ತೆಗೆದ. ಈ ಸಲ ಅವನು ಯಾವುದಕ್ಕಾದರೂ ಸಹಿ ಹಾಕಲು ಸಿದ್ಧನಿದ್ದ. ಒಳಗಿನಿಂದ ಸರ್ಜನ್, ನಿರ್ಧಾರ ಅವರದು, ಅವರಿಗೇ ಕೊಡಿ ಎಂದರು.

ನೀಲಗಂಗಾ ಬೆಂಚಿನ ಮೇಲೆ ಕೂತಳು. ಹತ್ತರಲ್ಲಿ ಒಂದು. ಆ ಒಂದರಲ್ಲೂ ಹೆಣ್ಣಾಗುವುದು ಅರ್ಧ. ತಿಂಗಳು ಮಲಗಬೇಕು, ಮನೆ ಯಾರು ನೋಡುತ್ತಾರೆ ಎಂಬ ಮಾತು ತಲೆಯೊಳಗೆ ಬಂತು. ಅದು ಗಂಡನ ದನಿಯಲ್ಲೇ ಬಂದದ್ದು ತಿಳಿದು ಅದನ್ನು ದೂರ ತಳ್ಳಿದಳು. ಅದನ್ನು ತಳ್ಳಿದ ಮೇಲೆ ಉಳಿದದ್ದು ಒಂದೇ ಭಯ. ಆಸೆ ಮತ್ತೆ ಚಿಗುರಿ ತಿಂಗಳು ತಿಂಗಳು ಕಾಯುವುದು. ಅದನ್ನು ಒಂಬತ್ತು ವರ್ಷ ಉಂಡಾಗಿತ್ತು.

ಅರ್ಧ ತಾಸು ಕಳೆದು, ಬೇಡವೆಂದು ಗುಮಾಸ್ತನಿಂದ ಬರೆಸಿ, ಓದಿಸಿ ಕೇಳಿ, ಕೆಳಗೆ ಕನ್ನಡದಲ್ಲಿ ತನ್ನ ಹೆಸರು ಬರೆದಳು. ಬರೆದು ಮುಗಿದ ಮೇಲೆ, ಇದುವರೆಗೆ ಎಲ್ಲೋ ಇದ್ದ ಮಗಳೊಬ್ಬಳು ಎದ್ದು ಹೋದ ಹಾಗಾಯಿತು.

ಊರಿಗೆ ಮರಳಲು ಪಣಜಿಯಿಂದ ಹಿಡಿದ ಮಾಪುಸಾ ಬಸ್ಸು ಕಿಕ್ಕಿರಿದಿತ್ತು. ಅವಳಿಗೆ ಕಿಟಕಿಯ ಜಾಗ ಸಿಕ್ಕಿತು, ಗಂಡ ದೂರ ನಿಂತ. ತಲೆಗೆ ಸುಣ್ಣದ ಧೂಳು ಮೆತ್ತಿದ ಕೂಲಿ ಹೆಂಗಸೊಬ್ಬಳು ತನ್ನ ಮೂರು ವರ್ಷದ ಹುಡುಗಿಯನ್ನು ಎತ್ತಿ, ಕೇಳದೆಯೇ ನೀಲಗಂಗಾಳ ತೊಡೆಯ ಮೇಲೆ ಕೂರಿಸಿದಳು.

"ಪರ್ವರಿ ಮಟ ಹಿಡ್ಕೋರಿ ಅಕ್ಕಾರ. ಭಾಳ ಗದ್ದಲ ಐತಿ."

ಬಸ್ಸು ಮಾಂಡವಿ ನದಿಯ ಸೇತುವೆ ಏರಿತು. ಹುಡುಗಿ ಕಿಟಕಿಯಾಚೆ ಬೆರಳು ಮಾಡಿ, "ನೀರು ನೋಡ, ಎಷ್ಟು ನೀರು!" ಎಂದಳು.

"ಹೌದ ಯವ್ವಾ, ಭಾಳ ನೀರು," ಎಂದಳು ನೀಲಗಂಗಾ. "ಅದರಾಗ ದೋಣಿ ಕಾಣಸ್ತೈತೇನು?"

"ಮೂರು ಅದಾವು."

"ನಾಕು. ಸರಿಯಾಗಿ ಎಣಿಸು."

ಹುಡುಗಿ ಮತ್ತೆ ಎಣಿಸತೊಡಗಿದಳು. ನೀಲಗಂಗಾ ಕೆದರಿದ ಆ ಕೂದಲನ್ನು ಬೆರಳಿನಿಂದಲೇ ಬಿಡಿಸಿ ಮೂರು ಎಳೆ ಮಾಡಿದಳು. ಅರ್ಧ ಜಡೆಯಾಗುವಷ್ಟರಲ್ಲಿ ಕಂಡಕ್ಟರ್ "ಪರ್ವರಿ" ಎಂದು ಕೂಗಿದ. ತಾಯಿ ಕೈ ಚಾಚಿದಳು.