ಮಾವಶಿಯ ಮೂಗು

ಹೋದ ವಾರ ಮಗಳು ಆನ್‌ಲೈನಿನಲ್ಲಿ ಒಂದು ಕೊರಿಯನ್ ಚಹಾದ ಪಾಕೀಟು ತರಿಸಿದಳು. ಅವಳಿಗೆ ಕೊರಿಯನ್ ಸೀರಿಯಲ್ಲುಗಳ ಹುಚ್ಚು. ಅಲ್ಲಿಯ ಅಜ್ಜಿಯರು ಕುಡಿಯುವುದನ್ನೆಲ್ಲ ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲೂ ಕುದಿಸಬೇಕು. ಕತ್ತರಿ ತಗೊಂಡು ಪಾಕೀಟಿನ ಮೂಲೆ ಕತ್ತರಿಸಿದಳು. ದಾಲ್ಚಿನ್ನಿಯ ಹಿಂದಿನಿಂದ ಇನ್ನೊಂದು ವಾಸನೆ ಬಂತು. ಓಮದ ಕಾಳನ್ನು ಹಸಿಮಣ್ಣಿನಲ್ಲಿ ಕಲಸಿದರೆ ಬರುವಂಥದು... ದಂಗ್ವಿ ಎಂಬ ಕೊರಿಯನ್ ಔಷಧಿ ಬೇರಿನ ವಾಸನೆ. ಕೈಯಲ್ಲಿದ್ದ ಸೌಟು ಕೆಳಗಿಟ್ಟೆ.

"ಮಮ್ಮಿ, ಇಸ್ಮೆ ಕ್ಯಾ ಕ್ಯಾ ಹೈ, ಬತಾವೊ ನಾ" ಎಂದಳು ಮಗಳು. ಬೇರು, ತೊಗಟೆ ಗುರುತಿಸುವುದೇ ಅಮ್ಮನ ಉದ್ಯೋಗ ಎಂದು ಅವಳಿಗೆ ಗೊತ್ತು. ಪಾಕೀಟಿನಲ್ಲಿ ಏನೇನಿದೆ ಎಂದು ನಾನು ಒಂದೊಂದಾಗಿ ಹೇಳುತ್ತಾ ಹೋದೆ. ಹೇಳುವಾಗೆಲ್ಲ ನನಗೆ ಕಾಣುತ್ತಿದ್ದದ್ದು ಒಬ್ಬಳೇ. ನಮ್ಮ ಲ್ಯಾಬಿನ ಮಾವಶಿ.

ಮಾವಶಿ ಎಂದರೆ ಸಂಬಂಧದವಳಲ್ಲ. ಈ ಕಡೆ ಆಫೀಸುಗಳಲ್ಲಿ ಕಸ ಗುಡಿಸಿ, ನೆಲ ಒರೆಸಿ, ಚಹಾ ತಂದುಕೊಡುವ ಹೆಂಗಸರನ್ನೆಲ್ಲ ಹಾಗೆಯೇ ಕರೆಯುತ್ತಾರೆ. ನವಿ ಮುಂಬಯಿಯ ಮಹಾಪೆಯಲ್ಲಿದ್ದ ನಮ್ಮ ಲ್ಯಾಬಿಗೆ ಅವಳು ಕಾಂಟ್ರಾಕ್ಟರನ ಕಡೆಯಿಂದ ಬಂದಿದ್ದಳು. ಕಲಬುರಗಿಯ ಚಿಂಚೋಳಿ ಕಡೆಯವಳು. ಗಂಡ ಶಹಾಡ್‌ನ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದು ತೀರಿಹೋಗಿದ್ದ. ಶಹಾಡ್‌ನ ಚಾಳಿನಲ್ಲಿ ಮಗ ಸೊಸೆಯ ಜೊತೆ ಇದ್ದಳು. ನಾನು ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತುವ ಹೊತ್ತಿಗೆ ಅವಳು ಲೇಡೀಸ್ ಡಬ್ಬಿಯ ಬಾಗಿಲ ಹತ್ತಿರ ನಿಂತಿರುತ್ತಿದ್ದಳು. ಠಾಣೆಯಲ್ಲಿ ಇಳಿದು ಸೇತುವೆ ದಾಟಿ ಇನ್ನೊಂದು ಗಾಡಿ ಹಿಡಿಯಬೇಕು. ಕನ್ನಡದವಳು ಎಂದು ತಿಳಿದ ದಿನದಿಂದ ನನ್ನನ್ನು "ಅಕ್ಕೋರೆ" ಎಂದೇ ಕರೆದಳು. ಅವರ ಕಡೆ ಶಾಲೆಯ ಟೀಚರನ್ನು ಹಾಗೆ ಕರೆಯುತ್ತಾರಂತೆ. ನನಗೆ ಅದು ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಲಿ.

ನಾನು ಬಾಟನಿಯಲ್ಲಿ ಎಂ.ಎಸ್ಸಿ. ಮಾಡಿದವಳು. ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಜೀವ ತೇದ ಅಪ್ಪನಿಗೆ ನನ್ನ ಡಿಗ್ರಿಯೆಂದರೆ ದೇವರಮನೆಯ ಫೋಟೋ. ಒಣಗಿದ ಚೂರನ್ನು ನೆನೆಸಿ, ಬ್ಲೇಡಿನಿಂದ ಪರೆಯ ಹಾಗೆ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ ಇದು ಇಂಥ ಗಿಡದ್ದೇ ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಮಾವಶಿಗೆ ಸಹಿ ಕೂಡ ಬರುತ್ತಿರಲಿಲ್ಲ. ಹೆಬ್ಬೆಟ್ಟು.

ಒಂದು ಕಂಪನಿ ಕೊರಿಯಾದಿಂದ ಸಾಂಪ್ರದಾಯಿಕ ಔಷಧಿಗಳನ್ನು ತರಿಸಿ ಇಲ್ಲಿ ಮಾರಬೇಕೆಂದು ಹೊರಟಿತ್ತು. ಮೊದಲು ಇಪ್ಪತ್ತೆರಡು ಪಾಕೀಟು ನಮ್ಮಲ್ಲಿಗೆ ಬಂದವು. ಪ್ರತಿಯೊಂದರ ಸಸ್ಯಮೂಲ ಯಾವುದು ಎಂದು ನಾವು ಹೇಳಬೇಕು. ಅಲ್ಲಿಯ ಔಷಧಿಗಳ ಪಾಡು ಹಾಗೆಯೇ. ಚೀನಾದಲ್ಲೂ ಕೊರಿಯಾದಲ್ಲೂ ಮದ್ದಿನ ಹೆಸರು ಒಂದೇ, ಗಿಡ ಮಾತ್ರ ಬೇರೆ ಇರುತ್ತದೆ. ಪಾಕೀಟಿನ ಮೇಲಿನ ಚೀಟಿಯನ್ನು ನಂಬುವ ಹಾಗಿಲ್ಲ. ಎಲೆ, ಹೂವು ಇದ್ದರೆ ಗುರುತು ಹಿಡಿಯಬಹುದು, ಬಂದದ್ದೆಲ್ಲ ಒಣಗಿದ ಬಿಲ್ಲೆಗಳು. ಈ ಕೆಲಸ ಚೆನ್ನಾಗಿ ಮುಗಿದರೆ ಸೆಕ್ಷನ್ನಿಗೆ ಒಬ್ಬರು ಮುಖ್ಯಸ್ಥರು ಬೇಕಾಗುತ್ತಾರೆ ಎಂದು ಲ್ಯಾಬ್ ನಡೆಸುತ್ತಿದ್ದ ಸರ್ ಹೇಳಿದ್ದರು. ಆ ಒಬ್ಬರು ನಾನೇ ಆಗಬೇಕು ಎಂದು ನಾನು ಆರು ವರ್ಷದಿಂದ ಕಾಯುತ್ತಿದ್ದೆ.

ಆ ದಿನ ಸರ್ ಸುಮ್ಮನೆ ತಮಾಷೆಗೆಂದು ಮಾವಶಿಯನ್ನು ಮೇಜಿನ ಹತ್ತಿರ ಕರೆದರು. ಅವಳ ತಾಯಿ ಚಿಂಚೋಳಿಯ ಗುಡ್ಡದಲ್ಲಿ ಬೇರು ಅಗೆದು ಸಂತೆಯಲ್ಲಿ ಮಾರುತ್ತಿದ್ದಳು ಎಂಬುದು ಹೇಗೋ ಅವರ ಕಿವಿಗೆ ಬಿದ್ದಿತ್ತು. ಮಾವಶಿ ಕೈ ಒರೆಸಿಕೊಂಡು ಬಂದಳು. ಒಂದು ಚೂರು ಎತ್ತಿ ಕಿವಿಯ ಹತ್ತಿರ ಹಿಡಿದು ಮುರಿದಳು. ಮೂಸಿದಳು. ನಾಲಿಗೆಯ ತುದಿಗೆ ಮುಟ್ಟಿಸಿ ಸೆರಗಿನಲ್ಲಿ ಉಗುಳಿದಳು. ಹೀಗೆ ಇಪ್ಪತ್ತೆರಡು ಪಾಕೀಟನ್ನೂ ನೋಡಿ ಮೇಜಿನ ಮೇಲೆ ಗುಂಪು ಗುಂಪಾಗಿ ಇಟ್ಟಳು.

"ಇವ್ಯಾವೂ ನಾ ಕಂಡಿದ್ದಲ್ರಿ ಸಾಹೇಬ್ರ. ಆದ್ರ ಈ ಮೂರೂ ಒಂದ ಬಳಗ. ಕೊತ್ತಂಬ್ರಿ, ಜೀರಗಿ, ಅಜವಾನ ಅದಾವಲ್ಲ, ಅವರ ಮನೀ ಮಂದಿ ಇವ್ರು."

ಸರ್ ನನ್ನ ಮುಖ ನೋಡಿದರು. ಹೌದು, ಆ ಮೂರೂ ಕೊತ್ತಂಬರಿಯ ಕುಟುಂಬದವೇ. ಅದನ್ನು ಖಚಿತಮಾಡಿಕೊಳ್ಳಲು ನಾನು ನಾಲ್ಕು ದಿನ ಕೂತಿದ್ದೆ. "ಹಿಲಾ ಮೈಕ್ರೋಸ್ಕೋಪ್‌ಚೀ ಗರಜಚ ನಾಹೀ" ಎಂದು ಸರ್ ನಕ್ಕರು. ಇವಳಿಗೆ ಮೈಕ್ರೋಸ್ಕೋಪೇ ಬೇಡ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಲ್ಲಿಂದ ಶುರುವಾಯಿತು ನೋಡಿ. ಯಾರ ಮೇಲೆ ಹೊಟ್ಟೆಕಿಚ್ಚು? ಸಂಬಳ ನನ್ನ ಕಾಲು ಭಾಗ, ಕುಳಿತುಕೊಳ್ಳಲು ಒಂದು ಕುರ್ಚಿಯಿಲ್ಲ, ಹಬ್ಬಕ್ಕೆ ನಾನೇ ಹಳೆಯ ಸೀರೆ ಕೊಟ್ಟವಳು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಗೆಳತಿಗೆ ಕಾರು ಬಂದಾಗ, ತಂಗಿ ಘೋಡಬಂದರ್ ರೋಡಿನಲ್ಲಿ ದೊಡ್ಡ ಫ್ಲಾಟು ಕೊಂಡಾಗ ನನಗೆ ಏನೂ ಅನಿಸಿರಲಿಲ್ಲ. ಇವಳ ಮೂಗು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಜ್ಯೇಷ್ಠಮಧು, ಬಜೆ, ಶುಂಠಿ ಎಲ್ಲ ಕಿವಿಯ ಹತ್ತಿರ ಮುರಿದು ನೋಡಿದೆ. ಟಕ್ ಎಂದಿತು. ಎಲ್ಲವೂ ಒಂದೇ ಥರ ಟಕ್ ಎಂದವು. ಮಾವಶಿಯನ್ನು ಒಂದು ಮಾತು ಕೇಳಬಹುದಿತ್ತು. ಗಾಡಿಯಲ್ಲಿ ದಿನಾ ಪಕ್ಕದಲ್ಲೇ ನಿಂತು ಶೇಂಗಾ ಚಟ್ನಿ ಹಚ್ಚಿದ ಕಟಕ ರೊಟ್ಟಿ ಮುರಿದು ಕೊಡುತ್ತಿದ್ದವಳು. ಎಂ.ಎಸ್ಸಿ. ಅಡ್ಡ ಬಂತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಮದ್ದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಒಪ್ಪಲು ಮನಸ್ಸಿರಲಿಲ್ಲ.

ಆ ಪಾಕೀಟುಗಳಲ್ಲಿ ಒಂದು ಮೊಕ್ತೊಂಗ್. ಅದು ಬೇರಲ್ಲ, ಬಳ್ಳಿಯ ಕಾಂಡ. ಅಡ್ಡ ಕೊಯ್ದ ಬಿಲ್ಲೆ, ಚಕ್ರದ ಅರಗಳ ಹಾಗೆ ಗೆರೆಗಳು. ಶುಕ್ರವಾರ ಸಂಜೆ ರಿಪೋರ್ಟು ಹೋಗಬೇಕಿತ್ತು. ಪಾಕೀಟಿನ ಮೇಲಿನಿಂದ, ನಡುವಿನಿಂದ, ತಳದಿಂದ ಚೂರು ತೆಗೆದು ನೋಡಬೇಕು ಎಂಬುದು ನಿಯಮ. ನಾನು ಮೇಲಿನ ಎರಡು ಚೂರು ನೋಡಿದೆ. ಸರಿಯಾಗಿದ್ದವು. ಸಹಿ ಹಾಕಿದೆ.

ಉಳಿದದ್ದನ್ನು ಭರಣಿಗೆ ತುಂಬುತ್ತಿದ್ದ ಮಾವಶಿ ಅಂಗೈಯಲ್ಲಿ ಏಳೆಂಟು ಬಿಲ್ಲೆ ಹಿಡಿದುಕೊಂಡು ಬಂದಳು.

"ಅಕ್ಕೋರೆ, ತಳದಾಗ ಇವು ಬ್ಯಾರೆ ಅದಾವ್ರಿ. ಸಿಪ್ಪಿ ತಿಕ್ಕಿದ್ರ ಕರ್ಪೂರದ ವಾಸ್ನಿ ಬರ್ತದ. ನಮ್ಮ ಕಡಿ ಈಶ್ವರಿ ಬಳ್ಳಿ ಅಂತೀವಲ್ರಿ, ಅದರ ಬಳಗ ಇದು. ಒಮ್ಮಿ ನೋಡ್ರಿ."

ನಾನು ತಲೆಯೆತ್ತಲಿಲ್ಲ. "ಮಾವಶಿ, ನಿಮ್ಮ ಕೆಲಸ ಗುಡಿಸುವುದು, ಅಷ್ಟು ಮಾಡಿದ್ರೆ ಸಾಕು. ರಿಪೋರ್ಟು ಬರಿಲಿಕ್ಕೆ ನಾನುಂಟು."

ಅವಳು ಬಿಲ್ಲೆಗಳನ್ನು ಪೇಪರಿನ ತುಂಡಿನಲ್ಲಿ ಕಟ್ಟಿ ಮೇಜಿನ ಅಂಚಿನಲ್ಲಿಟ್ಟು ಹೋದಳು.

ಶನಿವಾರ ಬೆಳಿಗ್ಗೆ ಯಾರೂ ಬರುವ ಮೊದಲೇ ಬಂದು ಆ ಪೊಟ್ಟಣ ಬಿಚ್ಚಿದೆ. ಸಿಪ್ಪೆ ಉಜ್ಜಿದೆ. ಕರ್ಪೂರ. ಕೊಯ್ದು ನೋಡಿದರೆ ಅಗಲವಾದ ಅರಗಳು, ಬಳೆಯ ಹಾಗೆ ಸುತ್ತುಗಟ್ಟಿದ ದೊಡ್ಡ ರಂಧ್ರಗಳು... ಮೊಕ್ತೊಂಗಿನ ಬದಲು ಕೆಲವರು ಬೆರೆಸುವ ಆ ಇನ್ನೊಂದು ಬಳ್ಳಿಯೇ. ಅದನ್ನು ಕುಡಿದವರ ಮೂತ್ರಪಿಂಡ ಹಾಳಾಗುತ್ತದೆ. ಪುಸ್ತಕದಲ್ಲಿ ನಾನೇ ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದೆ.

ಸರ್ ಬಂದ ಕೂಡಲೇ ಹೋಗಿ ಹೇಳಿದೆ. ಏನು ಹೇಳಿದೆ ಎಂಬುದೇ ಮುಖ್ಯ. "ನನಗೆ ಸಂಶಯ ಬಂತು ಸರ್, ಮತ್ತೊಮ್ಮೆ ನೋಡಿದೆ" ಎಂದೆ. ಅವರು ಎದ್ದು ನಿಂತು ಕೈ ಕುಲುಕಿದರು. ಕಂಪನಿಯವರಿಗೆ ಫೋನು ಹೋಯಿತು, ಆ ಸರಕು ವಾಪಸಾಯಿತು, ಎಲ್ಲ ಕಡೆ ನನ್ನ ಹೆಸರು. ಸರ್ ಹೊಗಳುತ್ತಿದ್ದಾಗ ಮಾವಶಿ ಬಾಗಿಲಲ್ಲಿ ನೆಲ ಒರೆಸುತ್ತಿದ್ದಳು. ಬಟ್ಟೆ ಹಿಡಿದ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಒರೆಸತೊಡಗಿತು.

ಅವಳು ಜಗಳ ಆಡಿದ್ದರೆ ಚೆನ್ನಾಗಿತ್ತು. ಸೋಮವಾರ ಗಾಡಿಯಲ್ಲಿ ಎಂದಿನಂತೆ ರೊಟ್ಟಿ ಮುರಿದು ಕೊಟ್ಟಳು. ನಾನು ಅದನ್ನು ತಿನ್ನದೆ ಚೀಲಕ್ಕೆ ಹಾಕಿಕೊಂಡೆ. ಇವತ್ತು ಸರ್ ಹತ್ತಿರ ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಎಂದು ಹದಿನೈದು ದಿನ ಕಾದೆ. ಆಮೇಲೆ ಸರ್‌ಗೆ ಒಂದು ಮೇಲ್ ಬರೆದೆ. ಮಾವಶಿ ಸ್ಯಾಂಪಲ್ಲುಗಳನ್ನು ಬಾಯಿಗಿಡುತ್ತಾಳೆ, ಮೊನ್ನೆ ಸಿಕ್ಕಿದಂಥ ವಿಷದ ಚೂರನ್ನು ಬಾಯಿಗಿಟ್ಟು ಏನಾದರೂ ಆದರೆ ಲ್ಯಾಬಿನ ತಲೆಗೆ ಬರುತ್ತದೆ, ಅವಳನ್ನು ಸ್ಯಾಂಪಲ್ ಕೋಣೆಯಿಂದ ದೂರ ಇಡುವುದು ಅವಳಿಗೇ ಒಳ್ಳೆಯದು. ಒಂದಕ್ಷರವೂ ತಪ್ಪಿಲ್ಲದ ಮೇಲ್. ಇವತ್ತಿಗೂ ನನ್ನ ಕೈಕೆಳಗಿನವರು ಸ್ಯಾಂಪಲ್ ಬಾಯಿಗಿಟ್ಟರೆ ನಾನು ಬಯ್ಯುತ್ತೇನೆ, ಬಯ್ಯಲೇಬೇಕು. ಅವಳೇ ಹಿಡಿದುಕೊಟ್ಟ ವಿಷವನ್ನು ಅವಳ ಮೇಲೆಯೇ ತಿರುಗಿಸಿದೆ ಎಂಬುದು ಮಾತ್ರ ನನಗೊಬ್ಬಳಿಗೇ ಗೊತ್ತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ವಾರದೊಳಗೆ ಕಾಂಟ್ರಾಕ್ಟರ್ ಅವಳನ್ನು ರಬಾಳೆಯ ಗೋಡೌನಿಗೆ ಬಾಟಲಿ ತೊಳೆಯಲು ಹಾಕಿದ.

ಆಮೇಲೆ ಅವಳನ್ನು ಕಂಡದ್ದು ಒಂದೇ ಸಲ. ಠಾಣೆಯ ಸೇತುವೆಯ ಮೇಲೆ, ಸಂಜೆಯ ನೂಕುನುಗ್ಗಲಿನಲ್ಲಿ. ಸೋಪಿನ ನೀರಿಗೆ ಬೆರಳುಗಳು ಸುಲಿದು ಬೆಳ್ಳಗಾಗಿದ್ದವು. ನಾನು ಕಾಣದವಳಂತೆ ಸರಿಯಲು ನೋಡಿದೆ. ಅವಳೇ ಹತ್ತಿರ ಬಂದಳು.

"ಅಕ್ಕೋರೆ, ಆ ಕರ್ಪೂರದ ಬಿಲ್ಲಿ ನಾ ಬಾಯಾಗ ಇಟ್ಟಿದ್ದಿಲ್ರಿ" ಎಂದಳು.

ಅಷ್ಟೇ. ಉತ್ತರಕ್ಕೂ ನಿಲ್ಲಲಿಲ್ಲ. ಅವಳ ಊರಿನ ಕಡೆ ಹೋಗುವ ಕಸಾರಾ ಗಾಡಿ ಬಂದಿತ್ತು, ಸೇತುವೆ ಇಳಿದು ಹೋದಳು. ಮೇಲ್ ವಿಷಯ ಅವಳಿಗೆ ಯಾರು ಹೇಳಿದರೋ... ಇಲ್ಲ, ಯಾರೂ ಹೇಳಬೇಕಾಗಿರಲಿಲ್ಲ, ಅವಳೇ ಊಹಿಸಿರಬೇಕು. ಒಂದೆರಡು ತಿಂಗಳಲ್ಲಿ ಕೆಲಸ ಬಿಟ್ಟಳು ಎಂದು ತಿಳಿಯಿತು. ಅಷ್ಟರಲ್ಲಿ ನಾನು ಸೆಕ್ಷನ್ನಿನ ಮುಖ್ಯಸ್ಥೆಯಾಗಿದ್ದೆ.

ಇದಾಗಿ ಒಂಬತ್ತು ವರ್ಷ. ಮಗಳ ಚಹಾ ಕುದಿದ ಮೇಲೆ ನಾಲ್ಕು ದಿನ ನನಗೆ ಸಮಾಧಾನವಿರಲಿಲ್ಲ. ಭಾನುವಾರ ಶಹಾಡ್‌ಗೆ ಹೋದೆ. ಚಾಳು ಅಲ್ಲಿಯೇ ಇತ್ತು. ಕೇಳಿಕೊಂಡು ಹೋಗಿ ಬಾಗಿಲು ತಟ್ಟಿದರೆ ಸೊಸೆ ತೆರೆದಳು. ಲ್ಯಾಬಿನವಳು, ಮಾವಶಿ ಅಕ್ಕೋರೆ ಎನ್ನುತ್ತಿದ್ದದ್ದು ನನ್ನನ್ನೇ ಎಂದೆ. ಒಳಗೆ ಕರೆದು ನೀರು ಕೊಟ್ಟಳು.

"ಅತ್ತಿ ಹೋದ ವರ್ಷ ಊರಾಗ ತೀರಿಕೊಂಡ್ರು. ನಿಮಗ ಯಾರು ಹೇಳಬೇಕ್ರಿ, ನಂಬರ್ ಇರ್ಲಿಲ್ಲ."

ನಾನು ಲೋಟ ಹಿಡಿದು ಕೂತೆ. ಕ್ಷಮೆ ಕೇಳಬೇಕೆಂದು ಗಾಡಿಯಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದೆ. ಸೊಸೆಗೆ ಎಷ್ಟು ಗೊತ್ತೋ ಎಂಬ ಹೆದರಿಕೆ ಬೇರೆ. ಕೊನೆಗೆ ಕೇಳಿದೆ, "ನನ್ನ ಬಗ್ಗೆ ಅವರು ಏನಾದರೂ ಹೇಳ್ತಾ ಇದ್ರಾ?"

ಸೊಸೆ ಸ್ವಲ್ಪ ನಾಚಿದಳು. "ಸಿಟ್ಟು ಮಾಡಬ್ಯಾಡ್ರಿ. ನಿಮ್ಮನ್ನ ಕಂಡ್ರ ಅತ್ತಿಗಿ ಭಾಳ ಹೊಟ್ಟಿಕಿಚ್ಚು ಇತ್ತು. 'ಆ ಅಕ್ಕೋರು ಯಾವ ದೇಶದ ಬೇರು ಇದ್ರೂ ಅದರ ಹೆಸರು ಬರೀತಾರ. ನನಗ ಮೂಗು ಕೊಟ್ಟ ದೇವ್ರು ನಾಕು ಅಕ್ಷರ ಕೊಡ್ಲಿಲ್ಲ' ಅಂತಿದ್ರು. ಊರಿಗೆ ಹೋಗೂ ಮುಂದ ಸುದ್ದಾ ಅಂದ್ರು."

"ಬೇರೆ ಏನೂ ಹೇಳಲಿಲ್ವಾ?"

"ಇಲ್ರಿ."

ಸಾವಿನ ಸುದ್ದಿ ಕೇಳಿದ ಮನೆಯಲ್ಲಿ ಕೂತು, ಆ ಗಳಿಗೆಯಲ್ಲಿ, ನನಗೆ ಮೊದಲು ಆದದ್ದು ಸಂತೋಷ. ಅವಳಿಗೂ ನನ್ನ ಮೇಲೆ ಹೊಟ್ಟೆ ಉರಿಯುತ್ತಿತ್ತು ಎಂಬ ಸಂತೋಷ. ಅದು ಒಂದು ಗುಟುಕು ನೀರು ನುಂಗುವಷ್ಟು ಹೊತ್ತು ಇತ್ತು. ಆಮೇಲೆ ಸೊಸೆಗೆ ಗಾಬರಿಯಾಗುವಷ್ಟು ಅಳು ಬಂತು. ಹೊಟ್ಟೆಕಿಚ್ಚಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವಳು ಅದನ್ನು ಸೊಸೆಯ ಹತ್ತಿರ ಹೇಳಿಕೊಂಡು ಹಗುರಾದಳು, ನಾನು ಮೇಲ್ ಬರೆದೆ.

ನಿನ್ನೆ ಲ್ಯಾಬಿನಲ್ಲಿ ಹೊಸ ಸರಕು ಬಂತು. ನನ್ನ ಕೈಕೆಳಗೆ ಈಗ ಮೂವರು ಹುಡುಗಿಯರಿದ್ದಾರೆ, ಚುರುಕಾದವರು. ಒಂದು ಬೇರಿನ ವಿಷಯದಲ್ಲಿ ನನಗೇ ಖಾತ್ರಿಯಿರಲಿಲ್ಲ. ಆದರೂ ಅಂದಾಜಿನ ಮೇಲೆ ಒಂದು ಹೆಸರು ಹೇಳಿ, ಯಾರಾದರೂ ಅಲ್ಲ ಎನ್ನುತ್ತಾರೇನೋ ಎಂದು ಮುಖ ನೋಡಿದೆ. ಮೂವರೂ "ಹೂಂ ಮೇಡಂ" ಎಂದು ಬರೆದುಕೊಂಡರು. ನನಗಿಂತ ಹೆಚ್ಚು ಬಲ್ಲವರು ಈಗ ಅಲ್ಲಿ ಯಾರೂ ಇಲ್ಲ. ನಾನು ಆಸೆಪಟ್ಟದ್ದೂ ಇದನ್ನೇ...